ವೈದ್ಯರ ತಪ್ಪಿಗೆ ಕಾನೂನಿನಲ್ಲಿರುವ ಹೆಸರುಗಳು

(ಚಾತುರ್ಮಾಸದ ರವಿವಾರದ ಉಪನ್ಯಾಸಗಳ ಅಂಗವಾಗಿ ಮುಂಬಯಿಯ ಕನ್ನಡಿಗ ಜೈನ ಬಾಂಧವರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಆಸ್ಪತ್ರೆಯ ವಿಷಯದಲ್ಲಿ ಲೆಕ್ಕಪರಿಶೋಧಕನಿಗೇನು ಕೆಲಸ ಎಂದು ಕೆಲವರು ಯೋಚಿಸುತ್ತಿರಬಹುದು. ಮನೆಯಲ್ಲಿ ಸಾವಾದ ಹದಿನೈದು ದಿನಗಳಲ್ಲಿ ಜನರು ನನ್ನಂಥವರ ಬಳಿಗೆ ಬರುತ್ತಾರೆ. ಬ್ಯಾಂಕಿನ ನಾಮಿನಿ, ವಿಮೆಯ ಕ್ಲೇಮು, ಮೃತರ ಕೊನೆಯ ರಿಟರ್ನು ಎಂದು ಕಾಗದಗಳನ್ನು ಮೇಜಿನ ಮೇಲೆ ಹರಡುತ್ತಾರೆ. ಅವುಗಳ ನಡುವೆ ಆಸ್ಪತ್ರೆಯ ಬಿಲ್ಲು ಇರುತ್ತದೆ. ಅದನ್ನು ನನ್ನ ಕಡೆಗೆ ಸರಿಸುವಾಗ ಒಂದು ಮಾತು ಹೊರಬೀಳುತ್ತದೆ: "ಡಾಕ್ಟರರೇ ಕೊಂದರು."

ದುಃಖದಲ್ಲಿ ಆಡಿದ ಆ ಮಾತನ್ನು ಯಾರೂ ತಿದ್ದಲಾಗದು. ಆದರೆ ಕಾನೂನಿನ ಮುಂದೆ ಅದು ನಿಲ್ಲುವುದಿಲ್ಲ. ವೈದ್ಯರ ತಪ್ಪಿಗೆ ಕಾನೂನಿನಲ್ಲಿ ಒಂದಲ್ಲ, ಹಲವು ಹೆಸರುಗಳಿವೆ. ಒಂದೊಂದು ಹೆಸರಿಗೂ ಬೇರೆ ಕಚೇರಿ, ಬೇರೆ ಪುರಾವೆ, ಬೇರೆ ಫಲ. ಪತ್ರಿಕೆಗಳಲ್ಲಿ ಓದುವ 'ಮಾಲ್‌ಪ್ರಾಕ್ಟೀಸ್' ಎಂಬ ಪದ ಹದಿನೆಂಟನೆಯ ಶತಮಾನದ ಆಂಗ್ಲ ನ್ಯಾಯಶಾಸ್ತ್ರಜ್ಞ ಬ್ಲ್ಯಾಕ್‌ಸ್ಟೋನ್ ಬಳಸಿದ ಲ್ಯಾಟಿನ್ ಮಾತಿಗೆ ಸೇರಿದ್ದು. ಅದು ಹುಲುಸಾಗಿ ಬೆಳೆದದ್ದು ಅಮೆರಿಕದಲ್ಲಿ. ನಮ್ಮಲ್ಲಿ ರೋಗಿ ದೂರು ಕೊಡುವ ಕಾಯ್ದೆಗಳು ಆ ಪದದ ಮೇಲೆ ನಿಂತಿಲ್ಲ. ನಿರ್ಲಕ್ಷ್ಯ, ಸೇವಾ ನ್ಯೂನತೆ, ಘೋರ ನಿರ್ಲಕ್ಷ್ಯ, ವೃತ್ತಿ ದುರ್ನಡತೆ, ಸಮ್ಮತಿಯಿಲ್ಲದ ಚಿಕಿತ್ಸೆ: ಇವು ನಮ್ಮ ಪದಗಳು.

ಹೆಸರು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ನಾನು ಬಲ್ಲ ಒಂದು ಕುಟುಂಬವಿದೆ. ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ ರಾತ್ರಿ ತಂದೆ ಒಳಗೆ ರಕ್ತಸ್ರಾವವಾಗಿ ತೀರಿಕೊಂಡರು. ಮಗ ಮೊದಲು ಪೊಲೀಸ್ ಠಾಣೆಗೆ ಹೋದ. ಅಲ್ಲಿ ಒಂಬತ್ತು ತಿಂಗಳು ಕಳೆದವು. ಆಮೇಲೆ ವೈದ್ಯಕೀಯ ಪರಿಷತ್ತಿಗೆ ಬರೆದ. ಅಲ್ಲಿ ಒಂದು ವರ್ಷಕ್ಕೂ ಹೆಚ್ಚು. ಅವನಿಗೆ ಬೇಕಾಗಿದ್ದುದು ತಾಯಿಯ ಮುಂದಿನ ಜೀವನಕ್ಕೆ ಪರಿಹಾರ. ಅದನ್ನು ಕೊಡುವ ಅಧಿಕಾರ ಪರಿಷತ್ತಿಗಿಲ್ಲ, ಠಾಣೆಗೂ ಇಲ್ಲ. ಗ್ರಾಹಕ ಆಯೋಗಕ್ಕೆ ಹೋಗಬೇಕೆಂದು ತಿಳಿದು ನನ್ನೆದುರು ಕುಳಿತಾಗ ಎರಡು ವರ್ಷ ನಾಲ್ಕು ತಿಂಗಳಾಗಿತ್ತು. ಕಾಯ್ದೆಯ 69ನೆಯ ಕಲಮಿನ ಕಾಲಮಿತಿ ಎರಡು ವರ್ಷ. ತಡವಾದುದಕ್ಕೆ ಸಾಕಷ್ಟು ಕಾರಣ ತೋರಿಸಿದರೆ ಆಯೋಗ ಮನ್ನಿಸಬಹುದು, ಮನ್ನಿಸಲೇಬೇಕೆಂದಿಲ್ಲ. ತಂದೆಯ ವಿಷಯ ಹೇಳುವುದಕ್ಕೆ ಮೊದಲು ಆ ಹುಡುಗ ಈಗ ತನ್ನ ವಿಳಂಬದ ವಿಷಯವನ್ನೇ ವಾದಿಸಬೇಕಾಗಿದೆ.

ಆದ್ದರಿಂದ ಮೂಲಪದವಾದ ನಿರ್ಲಕ್ಷ್ಯದಿಂದ ಆರಂಭಿಸುತ್ತೇನೆ. ಇದರ ಭಾರತೀಯ ಪಾಠ ನಮ್ಮ ನೆರೆಯ ಪುಣೆಯಿಂದಲೇ ಬಂದಿದೆ. 1953ರ ಮೇ ತಿಂಗಳಲ್ಲಿ ರತ್ನಾಗಿರಿ ಜಿಲ್ಲೆಯ ಪಾಲಶೇತ ಕಡಲತೀರದಲ್ಲಿ ಇಪ್ಪತ್ತರ ವಯಸ್ಸಿನ ಒಬ್ಬ ಯುವಕ ಬಿದ್ದು ತೊಡೆಯ ಮೂಳೆ ಮುರಿದುಕೊಂಡ. ತಂದೆ ಅವನನ್ನು ಮೋಟಾರಿನಲ್ಲಿ ದೂರದ ಪುಣೆಗೆ ಕರೆತಂದರು. ಅಲ್ಲಿ ಅರಿವಳಿಕೆ ಕೊಡದೆ, ಕಾಲನ್ನು ಬಲವಾಗಿ ಎಳೆದು, ಮೂಳೆ ಕೂಡಿಸಿ ಪ್ಲಾಸ್ಟರ್ ಹಾಕಲಾಯಿತು. ಹುಡುಗ ಅದೇ ರಾತ್ರಿ ತೀರಿಕೊಂಡ. ಪ್ರಕರಣ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿ 1968ರಲ್ಲಿ ತೀರ್ಪಾಯಿತು. ರೋಗಿಯನ್ನು ಕೈಗೆತ್ತಿಕೊಳ್ಳಬೇಕೇ ಎಂದು ನಿರ್ಧರಿಸುವಾಗ, ಯಾವ ಚಿಕಿತ್ಸೆ ಎಂದು ಆಯ್ದುಕೊಳ್ಳುವಾಗ, ಆ ಚಿಕಿತ್ಸೆಯನ್ನು ನಡೆಸುವಾಗ, ಈ ಮೂರು ಘಟ್ಟಗಳಲ್ಲಿಯೂ ವೈದ್ಯನಿಗೆ ಎಚ್ಚರಿಕೆಯ ಹೊಣೆಯಿದೆ ಎಂದು ನ್ಯಾಯಾಲಯ ಹೇಳಿತು. ಅತ್ಯುಚ್ಚ ಕೌಶಲವನ್ನು ಅದು ಬೇಡಲಿಲ್ಲ. ಅತಿ ಕೆಳಮಟ್ಟದ್ದನ್ನೂ ಒಪ್ಪಲಿಲ್ಲ. ಆ ವೃತ್ತಿಯ ಸಾಧಾರಣ ಸಮರ್ಥನೊಬ್ಬ ತೋರಬಹುದಾದ ಎಚ್ಚರವೇ ಅಳತೆಗೋಲು. 1957ರ ಇಂಗ್ಲೆಂಡಿನ ಬೋಲಮ್ ಪ್ರಕರಣದ ಸೂತ್ರವೂ ಇದೇ ಜಾತಿಯದು, ನಮ್ಮ ನ್ಯಾಯಾಲಯಗಳು ಅದನ್ನು ಇಂದಿಗೂ ಬಳಸುತ್ತವೆ.

ಇದರ ಅರ್ಥವನ್ನು ಸರಿಯಾಗಿ ಗ್ರಹಿಸಬೇಕು. ರೋಗಿ ಸತ್ತ ಮಾತ್ರಕ್ಕೆ ನಿರ್ಲಕ್ಷ್ಯವಿಲ್ಲ. ಎರಡು ಒಪ್ಪಿತ ಮಾರ್ಗಗಳಲ್ಲಿ ಒಂದನ್ನು ಹಿಡಿದು ಅದು ಫಲಿಸದಿದ್ದರೆ ಅದು ನಿರ್ಣಯದ ದೋಷವಾಗಬಹುದು, ನಿರ್ಲಕ್ಷ್ಯವಾಗುವುದಿಲ್ಲ. ಕೆಲವೆಡೆ ಮಾತ್ರ ಸಂಗತಿಯೇ ಸಾಕ್ಷಿಯಾಗಿ ನಿಲ್ಲುತ್ತದೆ. 1963ರಲ್ಲಿ ಔರಂಗಾಬಾದಿನ ಸರಕಾರಿ ಆಸ್ಪತ್ರೆಯಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆಯಾದ ತಾಯಿಯ ಹೊಟ್ಟೆಯಲ್ಲಿ ಬಟ್ಟೆಯ ಮಾಪು ಉಳಿದುಹೋಗಿ ಆಕೆ ತೀರಿಕೊಂಡಳು. ಅದು ಯಾರ ಕೈಯಿಂದ ಉಳಿಯಿತೆಂದು ಬೊಟ್ಟು ಮಾಡಿ ತೋರಿಸುವ ಅಗತ್ಯವಿಲ್ಲ, ಸರಕಾರವೇ ಹೊಣೆ ಎಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. ಹೇಳಿದ್ದು 1996ರಲ್ಲಿ. ಮೂವತ್ತಮೂರು ವರ್ಷ! ಸಿವಿಲ್ ದಾವೆ ಎಂಬುದರ ಗತಿ ಅದು.

ಜೈನರಾದ ನಮಗೆ ಈ ವಿಚಾರ ಹೊಸದಾಗಬಾರದು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಹಿಂಸೆಯ ಲಕ್ಷಣದೊಳಗೆ ಪ್ರಮಾದವನ್ನು ಸೇರಿಸಿಯೇ ಹೇಳಿದೆ. ಈರ್ಯಾಸಮಿತಿಯಿಂದ ನಡೆಯುವ ಮುನಿಯ ಕಾಲಡಿಗೆ ಜೀವಿಯೊಂದು ಸಿಲುಕಿದರೆ ಅದಕ್ಕೊಂದು ಲೆಕ್ಕ, ನೋಡದೆ ನಡೆದವನಿಗೆ ಬೇರೆ ಲೆಕ್ಕ. ಫಲಕ್ಕಿಂತ ನಡೆಯನ್ನು ನೋಡುವ ಈ ದೃಷ್ಟಿ ನ್ಯಾಯಾಲಯದ ಪೀಠದಲ್ಲಿಯೂ ಕಾಣುತ್ತದೆ. ಆದರೆ ಒಂದು ವ್ಯತ್ಯಾಸವಿದೆ. ನಮ್ಮ ಶಾಸ್ತ್ರದಲ್ಲಿ ಪ್ರಮತ್ತನಾದವನಿಗೆ ಯಾರೂ ಸಾಯದಿದ್ದರೂ ದೋಷ ತಗಲುತ್ತದೆ. ನಿರ್ಲಕ್ಷ್ಯದ ಪರಿಹಾರ ಕೇಳುವಾಗ ಕಾನೂನು ಅಷ್ಟು ದೂರ ಬರುವುದಿಲ್ಲ. ಹಾನಿಯಾಗದೆ ಅಲ್ಲಿ ಪರಿಹಾರವಿಲ್ಲ.

ಇನ್ನು ಸೇವಾ ನ್ಯೂನತೆ. ಇದು ಗ್ರಾಹಕ ಸಂರಕ್ಷಣಾ ಕಾಯ್ದೆಯ ಪದ. ವೈದ್ಯಸೇವೆ ಇದರೊಳಗೆ ಬರುತ್ತದೆಂದು 1995ರ ನವೆಂಬರಿನಲ್ಲಿ ಇಂಡಿಯನ್ ಮೆಡಿಕಲ್ ಅಸೋಸಿಯೇಷನ್ ಮತ್ತು ವಿ. ಪಿ. ಶಾಂತಾ ಪ್ರಕರಣದಲ್ಲಿ ತೀರ್ಮಾನವಾಯಿತು. 2019ರ ಹೊಸ ಕಾಯ್ದೆಯ ಸೇವೆಗಳ ಪಟ್ಟಿಯಲ್ಲಿ ಆರೋಗ್ಯದ ಹೆಸರಿಲ್ಲವೆಂದು ವೈದ್ಯರ ಒಂದು ಗುಂಪು ಮತ್ತೆ ವಾದ ಹೂಡಿತು. ಮುಂಬಯಿ ಉಚ್ಚ ನ್ಯಾಯಾಲಯ 2021ರಲ್ಲಿ, ಸರ್ವೋಚ್ಚ ನ್ಯಾಯಾಲಯ 2022ರಲ್ಲಿ ಆ ವಾದವನ್ನು ತಳ್ಳಿಹಾಕಿದವು.

ಲೆಕ್ಕದವನಾಗಿ ಇಲ್ಲಿ ಎರಡು ಸಂಗತಿ ಹೇಳಬೇಕು. ಯಾವ ಆಯೋಗ ಎಂಬುದು ಈಗ ನೀವು ಕೇಳುವ ಪರಿಹಾರದಿಂದ ನಿರ್ಧಾರವಾಗುವುದಿಲ್ಲ, ನೀವು ಕಟ್ಟಿದ ಬಿಲ್ಲಿನಿಂದ ನಿರ್ಧಾರವಾಗುತ್ತದೆ. ಬಿಲ್ಲು 50 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗ, 2 ಕೋಟಿಯವರೆಗೆ ರಾಜ್ಯ, ಅದರ ಮೇಲೆ ರಾಷ್ಟ್ರೀಯ. ನಮ್ಮಲ್ಲಿ ಬಹುತೇಕರ ಪ್ರಕರಣ ಜಿಲ್ಲೆಗೇ ಬರುತ್ತದೆ. ಬಿಲ್ಲು 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಎರಡನೆಯದು ಊರು ಬಿಟ್ಟು ಬಂದ ನಮಗೆ ಮುಖ್ಯ. 34ನೆಯ ಕಲಮಿನ ಪ್ರಕಾರ ದೂರುದಾರ ತಾನು ವಾಸಿಸುವ ಅಥವಾ ದುಡಿಯುವ ಸ್ಥಳದಲ್ಲಿಯೇ ದೂರು ಕೊಡಬಹುದು; ಗ್ರಾಹಕ ತೀರಿಕೊಂಡಿದ್ದರೆ ವಾರಸುದಾರನೇ ದೂರುದಾರ. ತಾಯಿಯ ಚಿಕಿತ್ಸೆ ಹುಬ್ಬಳ್ಳಿಯಲ್ಲೋ ಮಂಗಳೂರಿನಲ್ಲೋ ಆಗಿದ್ದರೂ ಠಾಣೆಯಲ್ಲಿರುವ ಮಗ ಠಾಣೆಯಲ್ಲಿಯೇ ದೂರು ಸಲ್ಲಿಸಬಹುದು. 1986ರ ಕಾಯ್ದೆಯಲ್ಲಿ ಈ ಅನುಕೂಲ ಇರಲಿಲ್ಲ.

ಶಾಂತಾ ತೀರ್ಪಿನ ಇನ್ನೊಂದು ಭಾಗ ವೇದಿಕೆಯ ಮೇಲಿರುವ ಟ್ರಸ್ಟಿಗಳಿಗೆ ಸೇರಿದ್ದು. ಚತುರ್ವಿಧ ದಾನಗಳಲ್ಲಿ ಔಷಧದಾನ ಒಂದೆಂಬ ಭಕ್ತಿಯಿಂದ ನಮ್ಮ ಹಿರಿಯರು ಧರ್ಮಾಸ್ಪತ್ರೆಗಳನ್ನು ಕಟ್ಟಿದರು. "ನಾವು ಧರ್ಮಾರ್ಥ ಮಾಡುತ್ತೇವೆ, ನಮ್ಮ ಮೇಲೆ ಯಾವ ಕೇಸು?" ಎಂದು ಕೇಳುವ ಟ್ರಸ್ಟಿಗಳನ್ನು ನಾನು ಕಂಡಿದ್ದೇನೆ. ತೀರ್ಪು ಹೇಳುವುದು ಬೇರೆ. ಎಲ್ಲ ರೋಗಿಗಳಿಗೂ ಪೂರ್ತಿ ಉಚಿತವಾಗಿದ್ದರೆ, ಹತ್ತು ರೂಪಾಯಿಯ ನೋಂದಣಿ ಚೀಟಿ ಇದ್ದರೂ, ಆ ಆಸ್ಪತ್ರೆ ಕಾಯ್ದೆಯ ಹೊರಗೆ. ಆದರೆ ಮೇಲಿನ ಮಹಡಿಯ ಡಿಲಕ್ಸ್ ಕೋಣೆಗಳಿಗೆ ಹಣ ಪಡೆದು ಕೆಳಗಿನ ವಾರ್ಡಿನಲ್ಲಿ ಉಚಿತ ಚಿಕಿತ್ಸೆ ಕೊಟ್ಟರೆ, ಉಚಿತ ರೋಗಿಯೂ ಗ್ರಾಹಕನೇ. ಅವನ ದೂರಿಗೂ ಆಸ್ಪತ್ರೆ ಉತ್ತರಿಸಬೇಕು. ನನ್ನ ದೃಷ್ಟಿಯಲ್ಲಿ ಇದು ನ್ಯಾಯವಾದದ್ದು. ಮಹಾರಾಷ್ಟ್ರ ಸಾರ್ವಜನಿಕ ನ್ಯಾಸ ಕಾಯ್ದೆಯ 41ಎಎ ಕಲಮಿನ ಅಡಿಯಲ್ಲಿ ಇಂಥ ಆಸ್ಪತ್ರೆಗಳು ಶೇಕಡ 10 ಹಾಸಿಗೆಗಳನ್ನು ನಿರ್ಗತಿಕರಿಗೆ, ಇನ್ನು ಶೇಕಡ 10ನ್ನು ದುರ್ಬಲ ವರ್ಗದವರಿಗೆ ಇಡಬೇಕು. ಒಟ್ಟು ಬಿಲ್ಲಿನ ಶೇಕಡ 2ನ್ನು ನಿರ್ಗತಿಕ ರೋಗಿಗಳ ನಿಧಿಗೆ ತೆಗೆದಿಡಬೇಕು. ಆ ಹಾಸಿಗೆಯಲ್ಲಿ ಮಲಗಿದವನು ದಾನದ ಪಾತ್ರ ಮಾತ್ರನಲ್ಲ, ಹಕ್ಕುಳ್ಳ ರೋಗಿ. ತೆರಿಗೆಯಲ್ಲಿ ವಿನಾಯಿತಿ ಪಡೆಯುವಾಗ ನಾವು ಸಾರ್ವಜನಿಕ ಸಂಸ್ಥೆ, ಉತ್ತರ ಕೊಡುವಾಗ ಮಾತ್ರ ಮನೆಯ ಪುಣ್ಯಕಾರ್ಯ ಎಂದರೆ ಹೇಗೆ ನಡೆಯುತ್ತದೆ?

ಮೂರನೆಯ ಪದ ಠಾಣೆಯದು. 2005ರ ಜೇಕಬ್ ಮ್ಯಾಥ್ಯೂ ತೀರ್ಪಿನ ಹಿಂದೆ ಲೂಧಿಯಾನದ ಒಂದು ಸಾವು ಇದೆ: ಉಸಿರಾಟಕ್ಕೆ ಕಷ್ಟಪಡುತ್ತಿದ್ದ ವೃದ್ಧ ರೋಗಿಗೆ ತಂದ ಆಮ್ಲಜನಕದ ಸಿಲಿಂಡರ್ ಖಾಲಿಯಿತ್ತು ಎಂಬುದು ಆರೋಪ. ಸಿಲಿಂಡರ್ ಇಡದ ಹೊಣೆ ಸಿವಿಲ್ ಕಾನೂನಿನಲ್ಲಿ ಆಸ್ಪತ್ರೆಯ ಮೇಲೆ ಬರಬಹುದು, ಬಾರದಿರಬಹುದು. ವೈದ್ಯನ ಮೇಲೆ ಕ್ರಿಮಿನಲ್ ಮೊಕದ್ದಮೆ ನಿಲ್ಲದು ಎಂದು ನ್ಯಾಯಾಲಯ ಹೇಳಿತು. ಅಪರಾಧವಾಗಬೇಕಾದರೆ ನಿರ್ಲಕ್ಷ್ಯ ಘೋರವಾಗಿರಬೇಕು. ಕುತೂಹಲವೆಂದರೆ ಆಗಿನ ದಂಡಸಂಹಿತೆಯ 304ಎ ಕಲಮಿನಲ್ಲಿ 'ಘೋರ' ಎಂಬ ಪದವೇ ಇಲ್ಲ. ಇದೆಯೆಂದು ಓದಿಕೊಳ್ಳಬೇಕೆಂದು ನ್ಯಾಯಾಲಯವೇ ಹೇಳಿತು. ನಮ್ಮ ವೃತ್ತಿಯಲ್ಲಿ ಹಾಗಲ್ಲ. 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯ ಎರಡನೆಯ ಅನುಸೂಚಿಯ ಏಳನೆಯ ಅಂಶದಲ್ಲಿ ಘೋರ ನಿರ್ಲಕ್ಷ್ಯವನ್ನು ಅಚ್ಚಿನಲ್ಲೇ ಇಟ್ಟಿದ್ದಾರೆ. ವೈದ್ಯರ ವಿರುದ್ಧ ಪೊಲೀಸರು ಮುಂದುವರಿಯುವ ಮೊದಲು ಅದೇ ಶಾಖೆಯ ಸ್ವತಂತ್ರ ವೈದ್ಯರ, ಸಾಧ್ಯವಾದರೆ ಸರಕಾರಿ ವೈದ್ಯರ, ಅಭಿಪ್ರಾಯ ಪಡೆಯಬೇಕು. ಆರೋಪ ಬಂದ ಮಾತ್ರಕ್ಕೆ ಬಂಧಿಸಬಾರದು ಎಂಬುದೂ ಆ ತೀರ್ಪಿನಲ್ಲಿದೆ.

2024ರ ಜುಲೈ 1ರಿಂದ 304ಎ ಹೋಗಿ ಭಾರತೀಯ ನ್ಯಾಯ ಸಂಹಿತೆಯ 106(1) ಬಂದಿದೆ. ನಿರ್ಲಕ್ಷ್ಯದಿಂದ ಸಾವು ತಂದವರಿಗೆ ಶಿಕ್ಷೆ ಎರಡು ವರ್ಷದಿಂದ ಐದು ವರ್ಷದವರೆಗೆ ಏರಿತು. ನೋಂದಾಯಿತ ವೈದ್ಯರಿಗೆ ಮಾತ್ರ ಎರಡೇ ವರ್ಷ ಉಳಿಯಿತು. ವೈದ್ಯರಿಗೆ ರಿಯಾಯಿತಿ ಕೊಟ್ಟದ್ದನ್ನು ನಾನು ಆಕ್ಷೇಪಿಸುವುದಿಲ್ಲ. ಆದರೆ ನೋಂದಾಯಿತ ವೈದ್ಯ ಎಂದರೆ ಯಾರು ಎಂಬ ವಿವರಣೆಯನ್ನು ಓದಿ. ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ ಅಡಿಯಲ್ಲಿ ಹೆಸರು ದಾಖಲಾದವರು. ಆ ಅಕ್ಷರಗಳ ಪ್ರಕಾರ ಆಯುರ್ವೇದ, ಹೋಮಿಯೋಪತಿ ವೈದ್ಯರು ಅದರಲ್ಲಿಲ್ಲ. ನರ್ಸೂ ಇಲ್ಲ. ಒಂದೇ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ, ಒಂದೇ ಸಾವಿಗೆ, ಸರ್ಜನ್ನರಿಗೆ ಎರಡು ವರ್ಷ, ಇಂಜೆಕ್ಷನ್ ಕೊಟ್ಟ ಇಪ್ಪತ್ತೈದರ ಹುಡುಗಿಗೆ ಐದು ವರ್ಷದವರೆಗೆ. ವೈದ್ಯರ ಸಂಘದ ಮನವಿ ದಿಲ್ಲಿಯವರೆಗೆ ತಲುಪಿತು, ನರ್ಸುಗಳ ಪರವಾಗಿ ಮಾತನಾಡುವವರು ಅಲ್ಲಿರಲಿಲ್ಲ. ಸಂಸತ್ತು ಈ ವಿವರಣೆಯನ್ನು ತಿದ್ದಬೇಕು.

ಠಾಣೆಗಿಂತಲೂ ಕೆಟ್ಟ ದಾರಿ ಗುಂಪು ಕಟ್ಟಿಕೊಂಡು ಆಸ್ಪತ್ರೆಗೆ ನುಗ್ಗುವುದು. ಮಹಾರಾಷ್ಟ್ರದ 2010ರ ಕಾಯ್ದೆಯಲ್ಲಿ ಅದಕ್ಕೆ ಮೂರು ವರ್ಷದವರೆಗೆ ಸೆರೆ, 50 ಸಾವಿರದವರೆಗೆ ದಂಡ, ಒಡೆದದ್ದರ ಎರಡರಷ್ಟು ಬೆಲೆ. ಅಹಿಂಸೆಯ ಹೆಸರು ಹೇಳುವವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ವೃತ್ತಿ ದುರ್ನಡತೆ ಎಂಬ ನಾಲ್ಕನೆಯ ಪದ ನನಗೆ ಹೆಚ್ಚು ಆಸಕ್ತಿಯದು. ಇಲ್ಲಿ ಯಾರೂ ಸಾಯಬೇಕಾಗಿಲ್ಲ. ಲ್ಯಾಬಿನಿಂದ ಕಮಿಷನ್ ಪಡೆಯುವುದು, ಔಷಧ ಕಂಪನಿಯಿಂದ ಉಡುಗೊರೆ ಪಡೆಯುವುದು, ಒಳರೋಗಿ ಕೇಳಿದ ದಾಖಲೆಗಳನ್ನು 72 ಗಂಟೆಗಳಲ್ಲಿ ಕೊಡದಿರುವುದು, ಇವೆಲ್ಲ 2002ರ ನಡತೆಯ ನಿಯಮಗಳ ಉಲ್ಲಂಘನೆ. ದೂರು ರಾಜ್ಯ ವೈದ್ಯಕೀಯ ಪರಿಷತ್ತಿಗೆ, ಫಲ ಎಚ್ಚರಿಕೆ ಅಥವಾ ನೋಂದಣಿಯ ಅಮಾನತು. ಇದನ್ನು ನಾವು ಲೆಕ್ಕದ ಪುಸ್ತಕಗಳಲ್ಲಿಯೂ ಕಾಣುತ್ತೇವೆ. ಅಪೆಕ್ಸ್ ಲ್ಯಾಬೊರೇಟರೀಸ್ ಎಂಬ ಔಷಧ ಕಂಪನಿ ವೈದ್ಯರಿಗೆ ಚಿನ್ನದ ನಾಣ್ಯ, ಟಿವಿ, ಫ್ರಿಜ್ಜು, ಲ್ಯಾಪ್‌ಟಾಪ್ ಹಂಚಿ, ಸುಮಾರು 4.72 ಕೋಟಿ ರೂಪಾಯಿಯನ್ನು ವ್ಯಾಪಾರದ ಖರ್ಚೆಂದು ತೋರಿಸಿತು. ತೆಗೆದುಕೊಳ್ಳುವುದು ವೈದ್ಯನಿಗೆ ನಿಷಿದ್ಧವಾದಾಗ ಕೊಡುವುದು ಕಂಪನಿಗೆ ಸಕ್ರಮ ಖರ್ಚಾಗಲಾರದು ಎಂದು 2022ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು. ಆ ಉಡುಗೊರೆಗಳ ಬೆಲೆ ಕೊನೆಗೆ ಮಾತ್ರೆಯ ಬೆಲೆಯಲ್ಲಿ ಸೇರಿ ರೋಗಿಯ ಮೇಲೆಯೇ ಬೀಳುತ್ತದೆಂಬುದನ್ನೂ ಗಮನಿಸಿತು. ಔಷಧದ ಸಗಟು ವ್ಯಾಪಾರದಲ್ಲಿ ನಮ್ಮ ಸಮಾಜದವರು ಎಷ್ಟು ಜನರಿದ್ದಾರೆಂದು ನಿಮಗೆ ಗೊತ್ತು. ಮಾರ್ಚ್ ತಿಂಗಳಲ್ಲಿ 'ಪ್ರಚಾರ ವೆಚ್ಚ' ಎಂಬ ಶೀರ್ಷಿಕೆಯ ಕೆಳಗೆ ಏನಿದೆ ಎಂದು ನಿಮ್ಮ ಆಡಿಟರ್ ಕೇಳಿದರೆ ಬೇಸರಿಸಬೇಡಿ.

ಪರಿಷತ್ತಿನ ವಿಷಯದಲ್ಲಿ ಒಂದು ಅಸಮಾಧಾನವಿದೆ. 2019ರ ಕಾಯ್ದೆಯ 30ನೆಯ ಕಲಮು ರಾಜ್ಯ ಪರಿಷತ್ತಿನ ಆದೇಶದ ಮೇಲೆ ಮೇಲ್ಮನವಿಯ ಹಕ್ಕನ್ನು ಬಾಧಿತ ವೈದ್ಯನಿಗೆ ಬರೆದುಕೊಟ್ಟಿದೆ. ಬಾಧಿತ ರೋಗಿಯ ಹೆಸರು ಅಲ್ಲಿಲ್ಲ. ವೈದ್ಯರನ್ನು ವೈದ್ಯರೇ ವಿಚಾರಿಸುವ ಪೀಠದಲ್ಲಿ ಇದು ಇನ್ನಷ್ಟು ಅನ್ಯಾಯ. ನಮ್ಮ ಶಿಸ್ತು ಸಮಿತಿಗೆ ನಮ್ಮವರಲ್ಲದವರು ಅಧ್ಯಕ್ಷರಾಗಬೇಕೆಂದು 2022ರಲ್ಲಿ ಸಂಸತ್ತು ತಿದ್ದುಪಡಿ ಅಂಗೀಕರಿಸಿದಾಗ ನನ್ನ ವೃತ್ತಿಬಾಂಧವರು ಬಹಳ ಗೊಣಗಿದರು. ಅದು ಸರಿಯಾದ ದಿಕ್ಕು, ವೈದ್ಯರಿಗೂ ಅದೇ ಬರಲಿ ಎಂಬುದು ನನ್ನ ಮತ.

ಸಮ್ಮತಿಯ ವಿಷಯವನ್ನು ತಾಯಂದಿರು ಗಮನವಿಟ್ಟು ಕೇಳಬೇಕು. 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ 44ರ ಮಹಿಳೆ ಒಪ್ಪಿದ್ದು ದುರ್ಬೀನಿನ ಪರೀಕ್ಷೆಗೆ. ಅರಿವಳಿಕೆಯಲ್ಲಿ ಮಲಗಿದ್ದಾಗ ಹೊರಗೆ ಕುಳಿತಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯಗಳನ್ನು ತೆಗೆದುಹಾಕಿದರು. ಚಿಕಿತ್ಸೆಯ ಆಯ್ಕೆ ವೈದ್ಯಶಾಸ್ತ್ರದಲ್ಲಿ ತಪ್ಪೆಂದು ನ್ಯಾಯಾಲಯ ಹೇಳಲಿಲ್ಲ. ಆದರೂ ಪ್ರಾಣಕ್ಕೆ ತುರ್ತು ಅಪಾಯವಿಲ್ಲದಿರುವಾಗ, ಪ್ರಾಯಕ್ಕೆ ಬಂದ ಸ್ವಸ್ಥಚಿತ್ತದ ಹೆಣ್ಣಿನ ಪರವಾಗಿ ತಾಯಿಯೂ ಸಮ್ಮತಿಸಲಾಗದು. ಅಂಥ ಶಸ್ತ್ರಕ್ರಿಯೆ ಕಾನೂನಿನ ದೃಷ್ಟಿಯಲ್ಲಿ ಹಲ್ಲೆ ಎಂದಿತು. ನಮ್ಮ ಮನೆಗಳಲ್ಲಿ ಸೊಸೆಯ ಫಾರಮ್ಮಿಗೆ ಯಾರು ಸಹಿ ಹಾಕುತ್ತಾರೆ? ಗಂಡ, ಇಲ್ಲವೆ ಮಾವ. ಆಕೆ ಎಚ್ಚರವಾಗಿಯೇ ಪಕ್ಕದ ಹಾಸಿಗೆಯಲ್ಲಿ ಕುಳಿತಿರುತ್ತಾಳೆ. ಆ ಫಾರಮ್ಮು ಇಂಗ್ಲಿಷಿನಲ್ಲೋ ಮರಾಠಿಯಲ್ಲೋ ಇರುತ್ತದೆ. ನಮ್ಮ ಟ್ರಸ್ಟಿನ ದವಾಖಾನೆಯಲ್ಲಾದರೂ ಅದು ಕನ್ನಡದಲ್ಲಿಯೂ ಸಿಗಬೇಕೆಂದು ಇದೇ ಸಭೆಯಲ್ಲಿ ಕೇಳುತ್ತಿದ್ದೇನೆ. ಮುದ್ರಣದ ಖರ್ಚು ದೊಡ್ಡದಲ್ಲ.

ಪುರಾವೆಯ ಬಗ್ಗೆ ಒಂದು ಕಹಿ ಮಾತು. ಸಾವಾದ ಕೆಲವೇ ಗಂಟೆಗಳಲ್ಲಿ ದಹನ ಮುಗಿಸುವುದು ನಮ್ಮ ಪದ್ಧತಿ. ಶವಪರೀಕ್ಷೆ ಎಂದರೆ ದೇಹಕ್ಕೆ ಮತ್ತೊಂದು ಹಿಂಸೆ ಎಂದು ಭಾವಿಸುತ್ತೇವೆ. ಸಂಶಯವಿರುವ ಸಾವಿನಲ್ಲಿ ಅದಿಲ್ಲದೆ ಕಾರಣವನ್ನು ಸಾಧಿಸುವುದು ಅತ್ಯಂತ ಕಷ್ಟ. ಆತ್ಮ ಹೊರಟುಹೋದ ಪುದ್ಗಲವಷ್ಟೆ ಉಳಿದಿದೆ ಎಂದು ಪ್ರತಿ ಶ್ರದ್ಧಾಂಜಲಿ ಸಭೆಯಲ್ಲಿ ಹೇಳುವ ನಾವು ಈ ಒಂದು ಸಂದರ್ಭದಲ್ಲಿ ಹಾಗೆ ನಡೆದುಕೊಳ್ಳುವುದಿಲ್ಲ.

ಕೊನೆಯದಾಗಿ, ಸಂಘಟಕರು ಬೇಡವೆಂದು ಸೂಚಿಸಿದ ವಿಷಯ. ಇದುವರೆಗೆ ಹೇಳಿದ ತಪ್ಪುಗಳಲ್ಲಿ ವೈದ್ಯ ಒಂದು ಕಡೆ, ಕುಟುಂಬ ಇನ್ನೊಂದು ಕಡೆ. ಒಂದು ತಪ್ಪಿನಲ್ಲಿ ಮಾತ್ರ ಇಬ್ಬರೂ ಒಂದೇ ಕಡೆ ಇರುತ್ತಾರೆ, ಆದ್ದರಿಂದ ದೂರುದಾರನೇ ಇರುವುದಿಲ್ಲ. ಭ್ರೂಣದ ಲಿಂಗ ಪತ್ತೆ. 2011ರ ಜನಗಣತಿಯಲ್ಲಿ ಆರು ವರ್ಷದೊಳಗಿನ ಸಾವಿರ ಜೈನ ಗಂಡುಮಕ್ಕಳಿಗೆ ಹೆಣ್ಣುಮಕ್ಕಳು 889. ಇರುವೆಗೆ ಸಕ್ಕರೆ ಹಾಕುವ, ಸೂರ್ಯಾಸ್ತದ ಮೊದಲು ಊಟ ಮಾಡುವ, ಓದು ಬರಹದಲ್ಲಿ ದೇಶಕ್ಕೆ ಮೊದಲಿಗರೆಂದು ಹೇಳಿಕೊಳ್ಳುವ ಸಮಾಜದ ಅಂಕಿ ಇದು.

1994ರ ಕಾಯ್ದೆಯಲ್ಲಿ ಇದಕ್ಕೆ ನಿರ್ಲಕ್ಷ್ಯವೆಂಬ ಹೆಸರಿಲ್ಲ, ನೇರವಾಗಿ ಅಪರಾಧ. ವೈದ್ಯನಿಗೆ ಮೂರು ವರ್ಷದವರೆಗೆ ಸೆರೆ. ಆರೋಪ ನಿಗದಿಯಾದಾಗಲೇ ನೋಂದಣಿಯ ಅಮಾನತು, ಶಿಕ್ಷೆಯಾದರೆ ಐದು ವರ್ಷ ಪಟ್ಟಿಯಿಂದ ಹೊರಗೆ, ಎರಡನೆಯ ಬಾರಿಗೆ ಶಾಶ್ವತವಾಗಿ. ಪರೀಕ್ಷೆ ಬೇಡಿ ಹೋದವರಿಗೂ ಮೂರು ವರ್ಷದವರೆಗೆ ಸೆರೆ, 50 ಸಾವಿರದವರೆಗೆ ದಂಡ. ಗರ್ಭಿಣಿಯನ್ನು ಗಂಡನೋ ಬಂಧುಗಳೋ ಬಲವಂತಪಡಿಸಿದ್ದಾರೆಂದೇ ನ್ಯಾಯಾಲಯ ಭಾವಿಸಬೇಕೆಂದು 24ನೆಯ ಕಲಮು ಹೇಳುತ್ತದೆ. ಹಾಗಲ್ಲವೆಂದು ಅವರೇ ಸಾಧಿಸಬೇಕು. ಸೋನೊಗ್ರಫಿ ಕೇಂದ್ರದ 'ಎಫ್' ನಮೂನೆಯಲ್ಲಿ ದಾಖಲೆ ಅಪೂರ್ಣವಾಗಿದ್ದರೆ ಅದನ್ನೇ ಉಲ್ಲಂಘನೆಯೆಂದು ಎಣಿಸಲಾಗುತ್ತದೆ. ಗುಮಾಸ್ತನ ತಪ್ಪಿಗೆ ಇಷ್ಟು ಕಠೋರತೆಯೇ ಎಂದು ವೈದ್ಯರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. 2019ರಲ್ಲಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಮುಚ್ಚಿದ ಕೋಣೆಯಲ್ಲಿ ಪಿಸುಮಾತಿನಲ್ಲಿ ಆಗುವ ಅಪರಾಧಕ್ಕೆ ಆ ಕಾಗದ ಬಿಟ್ಟರೆ ಬೇರೆ ಸಾಕ್ಷಿ ಎಲ್ಲಿಂದ ಬರಬೇಕು? ಲೆಕ್ಕದ ಪುಸ್ತಕ ನೋಡಿ ಜೀವನ ಸಾಗಿಸುವ ನನಗೆ ಇದರಲ್ಲಿ ಅತಿಯೇನೂ ಕಾಣುವುದಿಲ್ಲ.

ಸಮಾಜದ ವಧೂವರ ಮೇಳಾವದಲ್ಲಿ ಹುಡುಗಿಯರ ಅರ್ಜಿ ಕಡಿಮೆಯೆಂದು ಈ ವೇದಿಕೆಯಿಂದಲೇ ಹಲವು ಸಲ ದೂರು ಕೇಳಿಬಂದಿದೆ. ಮುಂದಿನ ವರ್ಷದ ವರದಿಯಲ್ಲಿ ಆ ಅರ್ಜಿಗಳ ಸಂಖ್ಯೆಯ ಪಕ್ಕದಲ್ಲಿ ನಮ್ಮ ಸದಸ್ಯ ಕುಟುಂಬಗಳಲ್ಲಿ ಹುಟ್ಟಿದ ಗಂಡು ಹೆಣ್ಣು ಮಕ್ಕಳ ಸಂಖ್ಯೆಯನ್ನೂ ಅಚ್ಚುಮಾಡಬೇಕೆಂದು ಕಾರ್ಯಕಾರಿ ಸಮಿತಿಗೆ ಬರೆದುಕೊಟ್ಟಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.

ಪ್ರಶ್ನೆಗಳಿಗೆ ಇಪ್ಪತ್ತು ನಿಮಿಷ ಉಳಿದಿವೆ. ಆಸ್ಪತ್ರೆಯ ಕಡತ ತಂದಿರುವವರು ದಯವಿಟ್ಟು ಮುಂದಿನ ಸಾಲಿಗೆ ಬನ್ನಿ. ಮೊದಲು ದಿನಾಂಕಗಳನ್ನು ನೋಡೋಣ.